ಮಲ್ಲಣ್ಣನ ಕಾಗದದ ಸಾರಾಂಶ

ನಮ್ಮ ಕಾಕಾನಿಗೆ ‘ಹೌದು’ ಎನ್ನುವುದಕ್ಕೆ ಕಾಲು ಗಂಟೆ ಬೇಕು. ‘ಅಲ್ಲ’ ಎನ್ನುವುದಾದರೆ ನೀವು ಚಾಪೆ ಹಾಸಿಕೊಂಡು ಕೂರುವುದೇ ಒಳ್ಳೆಯದು! ಒಮ್ಮೆ ಠಾಣೆ ಸ್ಟೇಷನ್ನಿನಲ್ಲಿ ಪಾಪ, ಯಾರೋ ಒಬ್ಬರು ಈ ಗಾಡಿ ಡೊಂಬಿವ್ಲಿಯಲ್ಲಿ ನಿಲ್ಲುತ್ತದೆಯೇ ಎಂದು ಕೇಳಿಬಿಟ್ಟರು. ಕಾಕಾ ಮೊದಲು ಅವರ ಊರು ವಿಚಾರಿಸಿ, ಡೊಂಬಿವ್ಲಿಯಲ್ಲಿರುವ ತಮ್ಮ ಗುರುತಿನವರ ಹೆಸರು ಹೇಳಿ, ಆ ಗುರುತಿನವರ ಮಗಳ ಮದುವೆ ಮುಗಿಸಿ, “ಹಾಂ, ರುಕೇಗಿ” ಎನ್ನುವ ಹೊತ್ತಿಗೆ ಆ ಗಾಡಿ ಡೊಂಬಿವ್ಲಿಯಲ್ಲಿ ನಿಂತು, ಮುಂದಕ್ಕೂ ಹೋಗಿತ್ತು.

ಇಂಥವರ ಮನೆಯಲ್ಲಿ ಉಂಡು ಬೆಳೆದವನು ಸಾರಾಂಶ ಬರೆಯಲು ಕೂತರೆ ಏನಾದೀತು, ನೀವೇ ಹೇಳಿ. ಅದು ತೊಂಬತ್ತರ ದಶಕದ ಆರಂಭ. ವಿಜಾಪುರದ ಕಡೆಯಿಂದ ಓದಲು ಬಂದಿದ್ದ ನಾನು ಒಂದೂವರೆ ವರ್ಷದಿಂದ ಠಾಣೆಯ ಕೋಪರಿಯಲ್ಲಿ ಕಾಕಾನ ಒಂದೇ ಖೋಲಿಯ ಮನೆಯಲ್ಲಿದ್ದೆ. ಕಾಕಾ, ಕಾಕು ಇಬ್ಬರೇ, ಅವರಿಗೆ ಮಕ್ಕಳಿರಲಿಲ್ಲ. ಕಾಲೇಜಿನಲ್ಲಿ ಮೇಡಂ ಮುನ್ನೂರು ಶಬ್ದಗಳ ಬರಹವನ್ನು ನೂರಕ್ಕೆ ಇಳಿಸಿರೆಂದರೆ, ನಾನು ನಾನೂರು ಬರೆದು ಮೇಲೊಂದು ಹಾಳೆ ಕೇಳಿದೆ! ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅರೇ ಬಾಬಾ, ಹಾ ಸಾರಾಂಶ ಆಹೇ ಕೀ ಕಾದಂಬರಿ?” ಎಂದರು. ಇಡೀ ತರಗತಿ ನಕ್ಕಿತು. ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ನಾನೂ ನಕ್ಕೆ.

ಆಮೇಲೆ ಮೇಡಂ ಸೂತ್ರ ಹೇಳಿಕೊಟ್ಟರು. ಹೇಳಿದ್ದನ್ನೇ ಹೇಳಿದ್ದರೆ ಹೊಡೆದುಹಾಕು, ಹೆಸರುಗಳ ಸಾಲು ಬಂದರೆ ಒಂದೇ ಮಾತಿನಲ್ಲಿ ಮುಗಿಸು, ಪ್ರಶ್ನೆಗಳನ್ನು ಬಿಟ್ಟುಬಿಡು. ಇದನ್ನು ನಾನು ಎಷ್ಟು ಭಕ್ತಿಯಿಂದ ಕಲಿತೆನೆಂದರೆ ದೀಪಾವಳಿಯ ಹೊತ್ತಿಗೆ ಹತ್ತಕ್ಕೆ ಎಂಟು ಬಂತು. ತಲೆ ತಿರುಗದೆ ಇದ್ದೀತೇ? ಊಟಕ್ಕೆ ಕೂತಾಗ ಕಾಕಾ ತಮ್ಮ ಮಹಾಪೆಯ ಕಾರ್ಖಾನೆಯ ಸುದ್ದಿಯನ್ನು ಅರ್ಧ ಗಂಟೆ ಹೇಳಿದರೆ, “ಅಂದ್ರ ಮಷೀನ್ ಕೆಟ್ಟೈತಿ, ಅಷ್ಟ ಹೌದಿಲ್ಲೋ?” ಎನ್ನುತ್ತಿದ್ದೆ. “ಅಷ್ಟ ಅಂದ್ರ ಅಷ್ಟ ಅಲ್ಲೋ ತಮ್ಮಾ…” ಎಂದು ಕಾಕಾ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ನನ್ನ ಅನ್ನ ಆರಿಹೋಗುತ್ತಿತ್ತು.

ಕಾಕಾನಿಗೆ ಇನ್ನೊಂದು ಹುಚ್ಚಿತ್ತು. ಪ್ರತಿ ಭಾನುವಾರ ಬಾಗಿಲಲ್ಲಿ ಕೂತು, ಕಲಬುರ್ಗಿ, ರಾಯಚೂರಿನ ಕಡೆಯಿಂದ ದುಡಿಯಲು ಬಂದವರಿಗೆ ಊರಿಗೆ ಕಾಗದ ಬರೆದುಕೊಡುವುದು. ಒಂದು ಇನ್‌ಲ್ಯಾಂಡ್ ಪತ್ರಕ್ಕೆ ಒಂದೂವರೆ ಗಂಟೆ! ಅತ್ತೆಗೆ ಶರಣು, ಅತ್ತೆಯ ತಂಗಿಗೆ ಶರಣು, ಎಮ್ಮೆ ಗಬ್ಬಾಯಿತೇ, ಗೋಡೆ ಬಿತ್ತೇ, ಒಂದನ್ನೂ ಬಿಡುವವರಲ್ಲ. ಜಾಗ ಸಾಲದಿದ್ದರೆ ಅಂಟು ಹಚ್ಚುವ ಮಡಿಕೆಯ ಮೇಲೂ ಬರೆಯುತ್ತಿದ್ದರು.

ಅದೇ ಡಿಸೆಂಬರಿನಲ್ಲಿ ಕಾಕಾನ ಕಣ್ಣಿನ ಪೊರೆ ತೆಗೆದರು. ಕರಿ ಕನ್ನಡಕ ಬಂತು, ಓದು ಬರಹ ಬಂದ್ ಆಯಿತು, ಪೆನ್ನು ನನ್ನ ಕೈಗೆ ಸಿಕ್ಕಿತು. ನನ್ನ ಮೊದಲ ಗಿರಾಕಿ ಮಲ್ಲಣ್ಣ, ಕಟ್ಟಡದ ಕೆಲಸದವನು. ಅವನ ಹೆಂಡತಿ ತವರಿನಲ್ಲಿ ಹೆತ್ತು ಎರಡು ತಿಂಗಳಾಗಿತ್ತು. ಹೆಣ್ಣು ಮಗು, ಅವನಿನ್ನೂ ಅದರ ಮುಖ ನೋಡಿರಲಿಲ್ಲ. ಅರ್ಧ ಗಂಟೆ ಹೇಳಿದ. “ಕೂಸು ಹ್ಯಾಂಗದ ಅಂತ ಕೇಳ್ರಿ” ಎಂಬುದು ಎಂಟು ಸಲ ಬಂತು. ಏಳು ಪುನರುಕ್ತಿ, ಹೊಡೆದುಹಾಕಿದೆ. ಉಳಿದ ಒಂದು ಪ್ರಶ್ನೆಯಾಯಿತಲ್ಲ, ಅದನ್ನೂ ಬಿಟ್ಟೆ! ಕೊನೆಗೆ ಉಳಿದದ್ದು ಇಷ್ಟು: “ಎಲ್ಲರಿಗೂ ಶರಣು. ನಾನು ಕ್ಷೇಮ. ಇಲ್ಲಿ ಕೆಲಸ ಬಹಳ ಇದೆ. ರಜೆ ಸಿಕ್ಕಾಗ ಬರುತ್ತೇನೆ.”

“ಎಲ್ಲಾ ಬರದ್ರ್ಯಾ?” ಎಂದ ಮಲ್ಲಣ್ಣ, ಅಕ್ಷರ ಬಾರದವನು.

“ಸಾರ ಎಲ್ಲಾ ಬಂದೈತಿ” ಎಂದೆ. ಮೇಡಂ ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು.

ಹದಿನೈದು ದಿನಕ್ಕೆ ಉತ್ತರ ಬಂತು. ಕಾಕಾನ ಎದುರಿಗೇ ಓದಿದೆ. ಹೆಂಡತಿ ಹೇಳಿ ಬರೆಸಿದ್ದಳು: “ಹೆಣ್ಣು ಹುಟ್ಟಿತಂತ ನಿಮಗ ಸಿಟ್ಟು ಬಂದದ. ಕೂಸಿಂದು ಒಂದು ಮಾತೂ ಕೇಳಿಲ್ಲ. ನಾ ಇನ್ನ ಅಲ್ಲಿಗಿ ಬರಂಗಿಲ್ಲ.”

“ಎಂಟು ಸಲ ಹೇಳಿದ್ನಲ್ರೀ…” ಎಂದ ಮಲ್ಲಣ್ಣ. ನನಗಾದ ನಾಚಿಕೆಗೆ ಲೆಕ್ಕವಿಲ್ಲ. ಒಬ್ಬನ ಸಂಸಾರವನ್ನೇ ನಾಲ್ಕು ವಾಕ್ಯಕ್ಕೆ ಇಳಿಸಿಟ್ಟಿದ್ದೆ.

ಕಾಕಾ ಬೈಯಲಿಲ್ಲ. “ಹೊಸಾ ಇನ್‌ಲ್ಯಾಂಡ್ ತಗೀ” ಎಂದರು. ಮಲ್ಲಣ್ಣ ಹೇಳಿದ, ನಾನು ಅವನ ಮಾತನ್ನು ಹೇಳಿದ ಹಾಗೆಯೇ ಬರೆದೆ, ಕೂಸನ್ನು ಕೇಳಿದಷ್ಟು ಸಲವೂ ಬರೆದೆ. ಮಡಿಕೆಯಲ್ಲಿ ಎರಡು ಬೆರಳಗಲ ಜಾಗ ಉಳಿದಿತ್ತು. “ಅಲ್ಲಿ ನನ್ನ ಮಾತು ಬರಿ” ಎಂದರು ಕಾಕಾ. “ತಂಗಿ, ಮಲ್ಲಣ್ಣ ಹಿಂದಿನ ಸಲಾನೂ ಕೂಸಿನ ಸುದ್ದಿ ಎಂಟ ಸಲ ಕೇಳಿದ್ದ. ಬರೀದ ಬಿಟ್ಟಾಂವ ನನ್ನ ಮಗ. ತಪ್ಪು ನಂದು.”

ಪೆನ್ನು ನಿಂತಿತು. ಅಣ್ಣನ ಮಗ ಎನ್ನಬಹುದಿತ್ತು. ಇಷ್ಟೆಲ್ಲ ಮಾತಾಡುವ ಮನುಷ್ಯ ಎರಡು ವರ್ಷದಲ್ಲಿ ಒಮ್ಮೆಯೂ ಈ ಮಾತು ಆಡಿರಲಿಲ್ಲ.

“ಯಾಕ ನಿಂತಿ? ಬರಿ” ಎಂದರು. ಬರೆದೆ.

ಮುಂದಿನ ಉತ್ತರವನ್ನು ಮಲ್ಲಣ್ಣ ಓಡುತ್ತಲೇ ತಂದ. ಕೂಸು ನಗಲು ಕಲಿತಿದೆಯಂತೆ, ಯುಗಾದಿ ಮುಗಿಸಿ ಇಬ್ಬರೂ ಬರುತ್ತಾರಂತೆ. ಕೆಳಗೆ ಇನ್ನೊಂದು ಸಾಲಿತ್ತು: “ಕಾಗದ ಬರಿಸಿದ ಹಿರ್ಯಾರಿಗಿ ಶರಣು. ಅವರ ಮಗನಿಗಿ ಬೈಬ್ಯಾಡರಿ ಅಂತ ಹೇಳ್ರಿ.”

“ಆ ಕಡೀ ಸಾಲು ಇನ್ನೊಮ್ಮೆ ಓದು” ಎಂದರು ಕಾಕಾ. ಓದಿದೆ. “ಇನ್ನೊಮ್ಮೆ.” ಆಪರೇಷನ್ ಆದದ್ದು ಕಣ್ಣಿಗಲ್ಲವೇ, ಕಿವಿಗೇನಾಗಿತ್ತು? ಮೂರನೆಯ ಸಲ “ಅವರ ಮಗನಿಗಿ” ಎಂಬಲ್ಲಿ ನಾನು ಓದು ನಿಲ್ಲಿಸಿ ಕಾಗದವನ್ನು ಮಡಿಸತೊಡಗಿದೆ. ಉಳಿದದ್ದನ್ನು ಸ್ಟೋವಿನ ಮುಂದೆ ಕೂತಿದ್ದ ಕಾಕು, ಈ ಕಡೆ ತಿರುಗದೆಯೇ, ಹೇಳಿ ಮುಗಿಸಿದರು.