ಮೇಷ್ಟ್ರ ಹೆಡ್‌ಫೋನು ಎಲ್ಲಿವರೆಗೆ ಕೇಳುತ್ತೆ

2025ನೇ ಇಸವಿ ನವೆಂಬರ್ 23, ಭಾನುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ನಂಜನಗೂಡಿನ ಒಂದು ಸಣ್ಣ ಗಲ್ಲಿಯ ಕೊನೇ ಮನೆಯ ವಿಜ್ಞಾನದ ಮೇಷ್ಟ್ರು ರವಿಕುಮಾರ್ ಕಾಫಿ ಲೋಟ ಹಿಡಿದು ಗೇಟಿಗೆ ಬಂದರು. ಅದೇ ಹೊತ್ತಿಗೆ ಗಲ್ಲಿಯ ನಡುಮನೆಯ ಮದನ್, ಕಿವಿಗಳಿಗೆ ಒಂದೊಂದು ಬನ್ನು ಕಟ್ಟಿಕೊಂಡವನ ಹಾಗೆ ಬೀದಿಯಲ್ಲಿ ಹೋಗುತ್ತಿದ್ದ. ಕೈಯಲ್ಲಿ ಫೋನಿಲ್ಲ, ಕತ್ತಿನಿಂದ ವೈರು ಇಳಿದಿಲ್ಲ. ಆದರೂ ತಾಳಕ್ಕೆ ತಲೆ ತೂಗುತ್ತಿದ್ದ.

ಗಲ್ಲಿಯ ಬಾಯಲ್ಲಿದ್ದ ಪುಟ್ಟಸ್ವಾಮಿಯ ಪೆಟ್ಟಿಗೆ ಅಂಗಡಿಯಲ್ಲಿ ಮದನ್ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳುತ್ತಾ ಬೇಕೆಂದೇ ಜೋರಾಗಿ ಹೇಳಿದ: "ಮನೇಲಿ ಟೀವಿ ಓಡ್ತಾ ಅದೆ ಪುಟ್ಟಸ್ವಾಮಣ್ಣ, ಇಲ್ಲಿ ಕೇಳ್ತಾ ಅದೆ. ಮಗಳು ಅರ್ಪಿತಂಗೆ ಪರೀಕ್ಷೆ, ಸದ್ದು ಬ್ಯಾಡ ಅಂದ್ಲು. ಅದಕ್ಕೇ ಮೈಸೂರಿಂದ ತಂದೆ."

ಮೇಷ್ಟ್ರ ಬಾಯಲ್ಲಿದ್ದ ಕಾಫಿ ಕಷಾಯವಾಯಿತು.

ಮದನ್ ಹೆಡ್‌ಫೋನು ಕೊಂಡದ್ದಕ್ಕೆ ಅವರ ತಕರಾರಿರಲಿಲ್ಲ. ತಮ್ಮನ್ನು ಕೇಳದೆ ಕೊಂಡನಲ್ಲ, ಅದಕ್ಕೆ. ಆ ಗಲ್ಲಿಗೆ ಮಿಕ್ಸಿ ಬರಲಿ, ಫ್ರಿಜ್ಜು ಬರಲಿ, ಮೊದಲು ಮೇಷ್ಟ್ರನ್ನು ಕೇಳುವುದು ರೂಢಿ. ಅವರು ಡಬ್ಬದ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿ, ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟಿ, "ಆಗಬಹುದು" ಎಂದರೆ ಮಾತ್ರ ಆ ವಸ್ತು ಹೊಸಲು ದಾಟುತ್ತಿತ್ತು. ಆ "ಆಗಬಹುದು" ಅವರ ಪಾಲಿಗೆ ಸಂಬಳಕ್ಕಿಂತ ದೊಡ್ಡದು. ಈಗ ನೋಡಿದರೆ ಎದುರುಮನೆಯ ಮಲ್ಲಾಜಮ್ಮ ಕೂಡ ಮದನ್‌ನ ಕಿವಿಯ ಬನ್ನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಎಷ್ಟು ಚೆನ್ನಾಗಿದೆ ಅಲ್ವೇನ್ರೀ," ಎಂದಳು ಹಿಂದೆ ಬಂದು ನಿಂತ ಹೆಂಡತಿ ಇಂದ್ರಾಣಿ. "ಯಾವುದು ಒಳ್ಳೇದು ಅಂತ ಮದನ್ ಅವರನ್ನ ಕೇಳಿ, ನಮಗೂ ಒಂದು ತನ್ನಿ."

"ಮದನ್‌ನ ಕೇಳೋದಾ? ನಾನಾ?"

ಹೊಟ್ಟೆಯೊಳಗಿನ ಕಿಚ್ಚು ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಪಾತ್ರೆ ಮೀರಿತು. ಸ್ನಾನ ಮುಗಿಸಿದವರೇ ಮೇಷ್ಟ್ರು ಸ್ಕೂಟರ್ ಹತ್ತಿ ಟಿ. ನರಸೀಪುರದ ದಾರಿ ಹಿಡಿದರು. ನಂಜನಗೂಡಿನ ಅಂಗಡಿಯಲ್ಲಿ ಕೊಂಡರೆ ಸುದ್ದಿ ಅವರಿಗಿಂತ ಮೊದಲು ಮನೆ ತಲುಪುತ್ತದೆಂಬುದು ಅವರಿಗೆ ಗೊತ್ತಿತ್ತು.

ಅಲ್ಲಿನ ಅಂಗಡಿಯ ಚಲುವಯ್ಯ ಮೇಜಿನ ಮೇಲೆ ಡಬ್ಬಗಳ ಗೋಪುರ ಕಟ್ಟಿದ.

"ಟೀವಿಗೆ ಬ್ಲೂಟೂತ್ ಬ್ಯಾಡಿ ಸಾ. ಕೆಲವು ಟೀವೀಲಿ ತುಟಿ ಮುಂದೆ ಓಗ್ತದೆ, ಮಾತು ಇಂದೆ ಬತ್ತದೆ. ಈರೋಯಿನ್ ಅತ್ತು ಮುಗಿಸಿ ಮುಖ ತೊಳ್ಕಂಡ್ ಮ್ಯಾಲೆ ನಿಮಗೆ ಅಳು ಕೇಳ್ತದೆ. ಇದು ರೇಡಿಯೋ ತರದ್ದು. ಈ ಡಬ್ಬಿ ಟೀವಿಗೆ ಸಿಕ್ಕಿಸಿ, ಇದು ಕಿವಿಗೆ ಹಾಕ್ಕಳಿ. ಗ್ವಾಡೆ ಅಡ್ಡ ಇದ್ರೂವೆ ಕೇಳ್ತದೆ."

"ಎಷ್ಟು ದೂರ?"

"ನೂರು ಮೀಟ್ರು ಅಂತ ಬರ್ದದೆ."

"ನಿಜವಾಗಲೂ ಬರುತ್ತಾ?"

"ಬರ್ದಿರೋರು ಅವ್ರು ಸಾ. ನಾನ್ ಮಾರೋನು."

ಮೇಷ್ಟ್ರು ಕಿವಿಮೆತ್ತೆ ಒತ್ತಿ ನೋಡಿದರು, ತೂಕ ನೋಡಿದರು, ತಲೆಯ ಪಟ್ಟಿ ಹಿಗ್ಗಿಸಿ ನೋಡಿದರು. ಆದರೆ ಅವರ ಮನಸ್ಸು ಆ ನೂರರ ಮೇಲೇ ಕೂತಿತ್ತು. ಮದನ್‌ನದು ನಡುಮನೆಯಿಂದ ಪುಟ್ಟಸ್ವಾಮಿಯ ಅಂಗಡಿವರೆಗೆ ಕೇಳುತ್ತದೆ. ತಮ್ಮದು ಕೊನೇ ಮನೆಯಿಂದ ಅಲ್ಲಿಗೆ ಕೇಳಿಬಿಟ್ಟರೆ ಎರಡರಷ್ಟಕ್ಕೂ ಹೆಚ್ಚಾಯಿತು. ಗಿಣ್ಣಿನಿಂದ ಡಬ್ಬ ತಟ್ಟಿ ತಮಗೆ ತಾವೇ ಹೇಳಿಕೊಂಡರು: "ಆಗಬಹುದು."

ಸಂಜೆ ಟೀವಿಯಲ್ಲಿ ಹಾಡಿನ ಸ್ಪರ್ಧೆಯ ಫೈನಲ್ಲು. ಹತ್ತಿರದ ಹೆಮ್ಮಿಗೆ ಊರಿನ ಹುಡುಗಿ ಕವನ ಹಾಡುವವಳಿದ್ದುದರಿಂದ ಗಲ್ಲಿಯ ಎಲ್ಲ ಮನೆಯಲ್ಲೂ ಅದೇ ಚಾನೆಲ್ಲು. ಮೇಷ್ಟ್ರು ಟೀವಿಯ ಹಿಂದಿನ ತೂತಿಗೆ ಡಬ್ಬಿಯ ವೈರು ಸಿಕ್ಕಿಸಿ ಕಿವಿಗೆ ಹೆಡ್‌ಫೋನು ಏರಿಸಿಕೊಂಡರು.

"ಇದೇನ್ರೀ, ಟೀವಿ ಮೂಕಾಯ್ತು?"

ಹೆಂಡತಿಯ ತುಟಿ ಅಲ್ಲಾಡಿದ್ದು ಕಂಡು ಒಂದು ಕಿವಿ ಸರಿಸಿದರು. "ಹಾಗೇ ಅದು. ಸದ್ದೆಲ್ಲ ಇದರೊಳಗೆ ಬರುತ್ತೆ."

"ಮತ್ತೆ ನಾನೇನ್ ಕೇಳ್ಲಿ?"

"ನೀನು ನೋಡ್ತಿರು. ಒಂದು ಸಣ್ಣ ಪರೀಕ್ಷೆ ಮುಗಿಸಿ ಬಂದೆ."

ಅಂಗಳಕ್ಕೆ ಇಳಿದಿದ್ದರು, ಅಷ್ಟೆ. ಕಿವಿಯಲ್ಲಿ ಹಾಡು ಕಡಿದು ಗೊರ್ರೆಂಬ ಸದ್ದು ತುಂಬಿತು. ಹೆಡ್‌ಫೋನಿನ ಪಕ್ಕದಲ್ಲಿ, ಒತ್ತಿದರೆ ಸ್ಟೇಷನ್ನು ಹುಡುಕುವ ಗುಂಡಿಯೊಂದಿತ್ತು. ಒತ್ತಿದರು. ಎರಡು ಸಲ ಕೀಂಗುಟ್ಟಿ, ಕವನಳ ದನಿ ಮತ್ತೆ ಕೇಳಿಸಿತು. ಮೇಷ್ಟ್ರು ಗೇಟು ದಾಟಿದರು.

ಮಲ್ಲಾಜಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಮೇಷ್ಟ್ರೇ, ಕಿವೀಗೇನಾಯ್ತು?"

"ಏನೂ ಆಗಿಲ್ಲಮ್ಮ. ಟೀವಿ ಕೇಳ್ತಿದ್ದೀನಿ. ನಮ್ಮನೇದು."

"ಅಲ್ಲಿಂದ್ಲಾ? ಅಯ್ ಶಿವ್ನೆ." ಅವಳು ಮೊರ ಕೆಳಗಿಟ್ಟು ಹಿಂದೆಯೇ ಹೊರಟಳು. ಇನ್ನಿಬ್ಬರು ಜಗಲಿಯಿಂದ ಇಳಿದರು.

ಆಶ್ಚರ್ಯವೆಂದರೆ ಮುಂದೆ ಹೋದಷ್ಟೂ ದನಿ ತಿಳಿಯಾಗುತ್ತಿತ್ತು. ಮದನ್ ಮನೆಯ ಎದುರು ಬೇಕೆಂದೇ ಹೆಜ್ಜೆ ನಿಧಾನಿಸಿದಾಗ, ಹುಡುಗಿ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ದೂರ ಹೆಚ್ಚಿದಂತೆ ತರಂಗ ಕ್ಷೀಣಿಸುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವರು ಅವರೇ. ಆದರೆ ಹೊಟ್ಟೆಕಿಚ್ಚು ಒಳ್ಳೇ ಡಸ್ಟರು, ಎಲ್ಲವನ್ನೂ ಒರೆಸಿಹಾಕಿತ್ತು. ಬಯಲಿಗೆ ಬಂದ ಮೇಲೆ ತರಂಗಕ್ಕೆ ಅಡ್ಡಿಯೇನಿದೆ ಎಂದು ಸಮಾಧಾನ ಮಾಡಿಕೊಂಡರು.

ಪುಟ್ಟಸ್ವಾಮಿ ಅಂಗಡಿಯಲ್ಲಿ ಅದೇ ಫೈನಲ್ಲನ್ನು ಫೋನಿನಲ್ಲಿ ನೋಡುತ್ತಿದ್ದ.

"ಪುಟ್ಟಸ್ವಾಮಿ, ಈಗ ತೀರ್ಪುಗಾರರು ಅಳ್ತಿದ್ದಾರೆ, ಹೌದೋ ಅಲ್ವೋ?"

ಪುಟ್ಟಸ್ವಾಮಿ ಫೋನು ನೋಡಿದ. ಅದರಲ್ಲಿ ಚಿತ್ರ ತುಸು ತಡವಾಗಿ ಬರುತ್ತಿತ್ತು, ಇನ್ನೂ ಅತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತರು. "ಔದು ಸಾ, ಅಳ್ತಾವ್ರೆ. ನಿಮಗೆ ಮುಂಚೇನೆ ಗೊತ್ತಾಯ್ತಲ್ಲ."

"ಮೂಗು ಸೀಟಿದ್ದೂ ಕೇಳಿಸ್ತು."

ಹೆಡ್‌ಫೋನು ಕಿವಿಯಿಂದ ಕಿವಿಗೆ ತಿರುಗಿತು. ಮಲ್ಲಾಜಮ್ಮ ಹಾಕಿಕೊಂಡು, ಬೀದಿಗೆಲ್ಲ ಕೇಳುವಂತೆ, "ನಂಗೂ ಕೇಳ್ತದೆ ಕಣ್ರೋ," ಎಂದಳು. ಮೇಷ್ಟ್ರು ಸ್ಕೂಟರ್ ಡಿಕ್ಕಿಯಿಂದ ಸ್ಕೂಲಿನ ಆಟದ ಟೇಪು ತರಿಸಿದರು. ಅವರ ಗೇಟಿನಿಂದ ಅಂಗಡಿವರೆಗೆ ಎಳೆದು, ಪುಟ್ಟಸ್ವಾಮಿ ಕೂಗಿದ: "ಐವತ್ತೆರಡು ಮೀಟ್ರು."

ಗದ್ದಲಕ್ಕೆ ಮದನ್ ಹೊರಗೆ ಬಂದ. ವಿಷಯ ತಿಳಿದು ಅವನ ಮುಖ ಉಪ್ಪು ಬಿದ್ದ ಹಾಲಾಯಿತು. "ಐವತ್ತೆರಡಾ? ನಮ್ಮನೆಯಿಂದ ಇಲ್ಲೀಗಂಟ ಇಪ್ಪತ್ತೂ ಆಗಾಕಿಲ್ವಲ್ಲ. ಯಾವ ಕಂಪ್ನಿದು ಸಾ?"

ಬೆಳಗ್ಗೆಯಿಂದ ಮೇಷ್ಟ್ರು ಕಾದದ್ದು ಈ ಒಂದು ಪ್ರಶ್ನೆಗೆ. "ಕೊಳ್ಳೋಕೆ ಮುಂಚೆ ಕೇಳ್ಬೇಕಿತ್ತು, ಮದನ್," ಎಂದರು ಮೆತ್ತಗೆ.

ಆಗ ಮದನ್ ಮನೆಯಿಂದ ಅರ್ಪಿತಳ ಜೊತೆ ಇಂದ್ರಾಣಿ ಬಂದಳು. "ಕವನಾನೇ ಗೆದ್ಲು ಕಣ್ರೀ."

"ಗೊತ್ತು," ಎಂದರು ಮೇಷ್ಟ್ರು, ಹೆಡ್‌ಫೋನು ಮತ್ತೆ ಏರಿಸುತ್ತಾ. "ನಮ್ಮನೆ ಟೀವೀಲೇ ಕೇಳ್ದೆ. ಇಲ್ಲೇ ನಿಂತು."

"ನಮ್ಮನೆ ಟೀವೀಲಾ? ನೀವು ಅಂಗಳಕ್ಕೆ ಇಳೀತಿದ್ದಂಗೇ ಆಫ್ ಮಾಡ್ದೆನಲ್ಲ. ಮೂಕ ಟೀವಿ ಮುಂದೆ ಯಾರು ಕೂರ್ತಾರೆ? ಹಿತ್ತಿಲ ಬಾಗಿಲಿಂದ ಇವರ ಮನೆಗೆ ಬಂದೆ. ಇವರದ್ರಲ್ಲಿ ಟೀವಿಗೂ ಸದ್ದು ಬರುತ್ತೆ, ಕಿವಿಗೂ ಹೋಗುತ್ತೆ. ಅರ್ಪಿತಾನೂ ಪುಸ್ತಕ ಮುಚ್ಚಿಟ್ಟು ನೋಡಿದ್ಲು."

ಮದನ್ ಓಡಿ ತನ್ನ ಮನೆಯೊಳಗೆ ಹೋದ. ಮೇಷ್ಟ್ರ ಕಿವಿಯಲ್ಲಿ ಕವನ ಅಮ್ಮನಿಗೆ ಧನ್ಯವಾದ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಗೊರ್ರೆಂದಳು. ಮದನ್ ಕಿಟಕಿಯಿಂದ ತಲೆ ಹಾಕಿದ.

"ಈಗ ನಮ್ ಟೀವಿಗೆ ಸಿಕ್ಕಿಸಿರೋ ರೇಡಿಯೋ ಡಬ್ಬಿ ಆಫ್ ಮಾಡೀನಿ ಸಾ. ಏನಾರ ಕೇಳ್ತದಾ?"

ಮೇಷ್ಟ್ರು ಹೆಡ್‌ಫೋನು ಕತ್ತಿಗೆ ಇಳಿಸಿಕೊಂಡರು. ಹೇಳಬೇಕಾದ್ದನ್ನು ಪುಟ್ಟಸ್ವಾಮಿಯೇ ಹೇಳಿದ.

"ಅಂದ್ರೆ ಇಷ್ಟೊತ್ತು ಮೇಷ್ಟ್ರು ಮದನ್ ಡಬ್ಬೀನ ಟೆಸ್ಟ್ ಮಾಡವ್ರೆ. ಮೂಗು ಸೀಟಿದ್ದೂ ಕೇಳ್ತಂತೆ ಕಣ್ರಪ್ಪ. ಮೇಷ್ಟ್ರು ಪಾಸ್ ಮಾಡಿದ್ ಮ್ಯಾಲೆ ಇನ್ನೇನು, ನಂಗೂ ಒಂದಿರ್ಲಿ. ಮದನಾ, ಮೈಸೂರಲ್ಲಿ ಯಾವ ಅಂಗಡಿನ್ಲಾ?"

"ನಂಗೂವೆ ಅದೇ ಇರ್ಲಿ ಕಣಪ್ಪ," ಎಂದಳು ಮಲ್ಲಾಜಮ್ಮ. "ಮೇಷ್ಟ್ರು ಕಿವಿ ಇಟ್ಟು ನೋಡವ್ರಲ್ಲ, ಮೋಸ ಇರಾಕಿಲ್ಲ."

ಎಲ್ಲರೂ ಮದನ್ ಕಿಟಕಿಗೆ ಮುತ್ತಿದರು. ಅವರ ಹಿಂದೆ ಇಂದ್ರಾಣಿಯೂ ನಿಂತಿದ್ದಳು.

ಮೇಷ್ಟ್ರು ಟೇಪು ಸುತ್ತಿಕೊಂಡು ಮನೆಗೆ ನಡೆದರು. ಒಂದು ಆಸೆ ಮಾತ್ರ ಉಳಿದಿತ್ತು. ಮೊದಲು ಗೊರ್ರೆಂದದ್ದು ಹೆಂಡತಿ ಟೀವಿ ಆರಿಸಿದ್ದಕ್ಕೆ, ಹೆಡ್‌ಫೋನಿನ ತಪ್ಪಿಂದಲ್ಲ. ತಮ್ಮ ಡಬ್ಬಿಯೇ ಅಂಗಡಿವರೆಗೂ ಕೇಳಿಸಿಬಿಟ್ಟರೆ? ಟೀವಿ ಹಾಕಿದರು, ಟೇಪಿನ ತುದಿಯನ್ನು ಟೀವಿಯ ಕಾಲಿಗೆ ಕಟ್ಟಿದರು, ಹೆಡ್‌ಫೋನು ಏರಿಸಿಕೊಂಡು, ಗುಂಡಿ ಒತ್ತಿ ತಮ್ಮ ಡಬ್ಬಿಯ ಸ್ಟೇಷನ್ನು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಹೊರಗೆ ಬಂದರು. ಪಡಸಾಲೆ ದಾಟಿತು, ಹೊಸಲು ದಾಟಿತು. ಗೇಟಿಗೆ ಕೈ ಚಾಚುವಷ್ಟರಲ್ಲಿ ಗೊರ್ರೆಂದಿತು. ಬಗ್ಗಿ ಟೇಪು ನೋಡಿದರು.

ಏಳು ಮೀಟರ್ ಹತ್ತು ಸೆಂಟಿಮೀಟರ್.