ನೂಡಲ್ಸಿನ ಮುಂದೆ ನನ್ನ ಪ್ರಬಂಧ

ಎದುರಿಗೆ ನಾಲ್ಕು ಜನ ಸುಮ್ಮನೆ ಕೂತಿದ್ದರೆ ಸಾಕು, ನನಗೆ ಜಾಗತೀಕರಣ ನೆನಪಾಗುತ್ತದೆ. ಕೆಲವರಿಗೆ ಜನ ಸಿಕ್ಕಾಗ ಹಾಡಬೇಕೆನಿಸುತ್ತದೆ, ಕೆಲವರಿಗೆ ತಮ್ಮ ಆಪರೇಷನ್ನಿನ ಕಥೆ ಹೇಳಬೇಕೆನಿಸುತ್ತದೆ. ನನ್ನದು ಇದು. ಹುಮನಾಬಾದಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ನಾನು ಬಸವಕಲ್ಯಾಣದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ಬಹಳ ಬೇಗ ಖಾಲಿಯಾಗುತ್ತದೆ. ಒಮ್ಮೆ ಒಬ್ಬ ಹಿರಿಯರು ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಇಳಿಯುವಾಗ ಗೊತ್ತಾಯಿತು, ಅವರಿಗೆ ಕಿವಿ ಕೇಳುವುದಿಲ್ಲ ಅಂತ. ಆದರೂ ಅಂಥ ಶ್ರೋತೃ ನನಗೆ ಆಮೇಲೆ ಸಿಗಲಿಲ್ಲ.

ಹೀಗಿರುವಾಗ ಬಸವಕಲ್ಯಾಣದಲ್ಲಿ ಒಂದು ದೊಡ್ಡ ಸಭೆ ಗೊತ್ತಾಯಿತು. ಏಷ್ಯಾದ ಹಲವು ದೇಶಗಳ ವಿದ್ವಾಂಸರು, ಜನಸಂಘಟನೆಗಳ ಮುಂದಾಳುಗಳು ಸೇರಿ ಜಾಗತೀಕರಣವನ್ನು ಹೇಗೆ ಎದುರಿಸುವುದು ಎಂದು ಚರ್ಚಿಸುತ್ತಾರಂತೆ. ನಡುವೆ ಒಂದು ದಿನ ಹಳ್ಳಿ ಭೇಟಿ. ಹಳ್ಳಿ ಗೊತ್ತುಮಾಡುವುದು, ಊಟದ ಏರ್ಪಾಡು, ಊಟವಾದ ಮೇಲೆ ಅಲ್ಲೇ ಒಂದು ಪ್ರಬಂಧ ಓದುವುದು, ಮೂರೂ ನನ್ನ ಪಾಲಿಗೆ ಬಂದವು. ನನಗೆ ನಿದ್ದೆ ಬರದಷ್ಟು ಸಂತೋಷವಾಯಿತು. ಹಾಜರಿಗಾಗಿ ಕೂತ ಹುಡುಗರ ಮುಂದೆ ಬಿಟ್ಟರೆ ನಾನು ಎಲ್ಲೂ ಪ್ರಬಂಧ ಓದಿದವನಲ್ಲ. ನನ್ನನ್ನು ಕೇಳುವುದಕ್ಕೆಂದೇ ಸಮುದ್ರ ದಾಟಿ ಬರುವವರ ಎದುರು ನಿಲ್ಲುವ ಭಾಗ್ಯ ಮತ್ತೆ ಬರುವಂತಿರಲಿಲ್ಲ. 'ಗ್ರಾಮೀಣ ಅಡುಗೆಮನೆ: ಜಾಗತೀಕರಣ ತಲುಪದ ಕೊನೆಯ ಕೋಟೆ' ಎಂಬ ತಲೆಬರಹ ಕೊಟ್ಟು, ರಜೆಯೆಲ್ಲ ಕೂತು ಬರೆದೆ. ಬರೆದದ್ದನ್ನು ಹೆಂಡತಿ ಸರೋಜಾಳಿಗೆ ಓದಿ ತೋರಿಸಿದೆ.

"ಕೋಟಿ, ಕೋಟಿ ಅಂತ ಬರದೀರಿ, ಖರೆ. ಒಂದಿನಾರ ಅಡಗಿಮನಿ ಒಳಗ ಬಂದು ನೋಡೀರೇನು?" ಅಂದಳು.

ಹೆಂಗಸರಿಗೆ ಸಿದ್ಧಾಂತ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನಲಿಲ್ಲ, ಆಗಿನ್ನೂ ನನ್ನ ಊಟ ಆಗಿರಲಿಲ್ಲ.

ಹಳ್ಳಿ ಭೇಟಿಗೆ ನಮ್ಮ ತಾಲ್ಲೂಕಿನ ಕೊಹಿನೂರವನ್ನು ಆರಿಸಿದೆ. ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ ಶಾಂತಾಬಾಯಿ ನನಗೆ ಹಳೆಯ ಪರಿಚಯ. ಅವರಿಗೆ ಫೋನು ಮಾಡಿ, ಥಾಯ್ಲೆಂಡ್, ಫಿಲಿಪ್ಪೀನ್ಸ್, ನೇಪಾಳ ಕಡೆಯ ದೊಡ್ಡವರು ಬರುತ್ತಾರೆ, ನಿಮ್ಮ ಮನೆಯಲ್ಲೇ ಊಟ ಎಂದೆ. "ಚಿಂತಿ ಬಿಡ್ರಿ ಸರ, ಬರೊಬ್ಬರಿ ಮಾಡ್ತೀವಿ" ಎಂದರು. ನಾನು ಚಿಂತೆ ಬಿಟ್ಟೆ. ಏನು ಮಾಡುತ್ತೀರಿ ಎಂದು ಕೇಳುವ ಅಗತ್ಯ ಕಾಣಲಿಲ್ಲ. ಕೊಹಿನೂರದಲ್ಲಿ ರೊಟ್ಟಿಯಲ್ಲದೆ ಮತ್ತೇನು ಮಾಡುತ್ತಾರೆ?

ಆ ದಿನ ಬಸ್ಸಿನಲ್ಲಿ ಅತಿಥಿಗಳಿಗೆ ಜೋಳದ ರೊಟ್ಟಿಯ ಮಹಿಮೆ ವಿವರಿಸುತ್ತ ಹೋದೆ. ಯಾರೂ ಎದ್ದು ಹೋಗಲಿಲ್ಲ, ಬಸ್ಸು ನಮಗೆಂದೇ ಮಾಡಿಸಿದ್ದು. ಶಾಂತಾಬಾಯಿಯ ಪಡಸಾಲೆಯಲ್ಲಿ ಕೈತೊಳೆದು ಸಾಲಾಗಿ ಕೂತೆವು. ತಟ್ಟೆಗಳು ಬಂದವು. ಪ್ರತಿಯೊಂದು ತಟ್ಟೆಯ ತುಂಬ ಹೊಗೆಯಾಡುವ ನೂಡಲ್ಸು. ಪಕ್ಕಕ್ಕೆ ಕಪ್ಪು ಬಣ್ಣದ ತಂಪು ಪಾನೀಯದ ಬಾಟಲಿ.

ನನ್ನ ಜೀವ ಅರ್ಧ ಹೋಯಿತು. ಎದ್ದು ಹೋಗಿ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದೆ: "ಶಾಂತಾಬಾಯಿ, ಇದೇನ್ರಿ ಇದು? ರೊಟ್ಟಿ ಎಲ್ಲಿ?"

"ರೊಟ್ಟಿ ಒಳಗ ಅದಾವರಿ, ನಮ್ಮ ಮಂದಿಗಿ" ಎಂದರು. "ಮೆಹಮಾನ್ರು ಮನಿಗಿ ಬಂದ್ರ ಅವರು ಉಣ್ಣೋದು ಅವರಿಗಿ ಹಾಕಬೇಕಲ್ರಿ. ಮೊಮ್ಮಗಳು ಫೋನಿನ್ಯಾಗ ನೋಡಿ ಹೇಳಿದಳು, ಆ ಕಡಿ ಮಂದಿ ಇದೇ ತಿಂತಾರಂತ. ಹುಮನಾಬಾದಕ್ಕ ಹೋಗಿ ಚೀಲ ತುಂಬ ತಂದೀನಿ. ಸಪ್ಪಗ ಇತ್ತಂತ ಜರಾ ಶೇಂಗಾ ಹಿಂಡಿ, ಬಳ್ಳೊಳ್ಳಿ ಹಾಕೀನ್ರಿ. ಯಾಕ್ರಿ ಸರ, ತಪ್ಪಾತೇನು?"

ಆ ಮುಖ ನೋಡಿ, ತಪ್ಪೇನಿಲ್ಲ ಬಿಡ್ರಿ ಎಂದು ಮತ್ತೆ ತಟ್ಟೆಯ ಮುಂದೆ ಹೋಗಿ ಕೂತೆ. ಬಂದವರಿಗೆ ಮನೆಯವರು ತಾವು ಉಣ್ಣುವುದನ್ನೇ ಹಾಕಿ ಕಳಿಸಿದರೆ ಈ ಸೀಮೆಯಲ್ಲಿ ಅದು ಮರ್ಯಾದೆಗೆ ಕುಂದು. ಅಷ್ಟರಲ್ಲಿ ಫಿಲಿಪ್ಪೀನ್ಸಿನ ರೈತ ಸಂಘಟಕಿ ವಾಸನೆ ಹಿಡಿದು ಸೀದಾ ಅಡುಗೆಮನೆಗೆ ನುಗ್ಗಿದರು. ಹೊರಗೆ ಬಂದಾಗ ಅವರ ಕೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಹುಳಿ ಸೊಪ್ಪಿನ ಪುಂಡಿಪಲ್ಯ ಇತ್ತು. ಥಾಯ್ಲೆಂಡಿನ ಪ್ರೊಫೆಸರು ಅವರ ಹಿಂದೆಯೇ ಎದ್ದರು. ನೋಡನೋಡುತ್ತ ಮನೆಯವರಿಗೆಂದು ಬಡಿದಿಟ್ಟ ರೊಟ್ಟಿಯ ಬುಟ್ಟಿ ತಳ ಕಂಡಿತು. ಉಳಿದದ್ದು ನೂಡಲ್ಸು ಮತ್ತು ನಾನು. ಹಸಿವಾಗಿತ್ತು, ಒಂದು ತುತ್ತು ಬಾಯಿಗಿಟ್ಟೆ. ಹಿಂಡಿ ಎಂಬ ಆ ಶೇಂಗಾ ಚಟ್ನಿಪುಡಿಯ ಖಾರ, ಬೆಳ್ಳುಳ್ಳಿಯ ಘಮ ಸೇರಿ ಏನು ರುಚಿ ಅಂತೀರಿ! ಮತ್ತೊಮ್ಮೆ ಹಾಕಿಸಿಕೊಂಡೆ. ಆಮೇಲೆ ಇನ್ನೊಮ್ಮೆ.

ಊಟ ಮುಗಿದು ಎಲ್ಲರೂ ಸಮುದಾಯ ಭವನದಲ್ಲಿ ಸೇರಿದೆವು. ಅಧ್ಯಕ್ಷತೆ ನೇಪಾಳದ ಒಬ್ಬ ಹಿರಿಯ ವಿದ್ವಾಂಸರದು. ಮುಂದಿನ ಸಾಲಿನಲ್ಲಿ ಶಾಂತಾಬಾಯಿ ಹೊಸ ಸೀರೆ ಉಟ್ಟು ಕೂತಿದ್ದರು. ನಾನು ಇಂಗ್ಲಿಷಿನಲ್ಲಿ ಓದಿ, ಊರವರಿಗಾಗಿ ನಾನೇ ಕನ್ನಡದಲ್ಲಿ ಹೇಳಬೇಕಿತ್ತು, ಹಾಗಾಗಿ ಇಂಗ್ಲಿಷಿನಲ್ಲಿ ಅಡಗಿಕೊಳ್ಳುವ ದಾರಿಯೂ ಇರಲಿಲ್ಲ. ಪ್ರಬಂಧ ಬಿಚ್ಚಿದೆ. ಮೊದಲ ಸಾಲಿನಲ್ಲೇ ಕೋಟೆ ಇತ್ತು. ಜಾಗತೀಕರಣ ಈ ಅಡುಗೆಮನೆಯನ್ನು ತಲುಪಿಲ್ಲ ಎಂದರೆ ಅತಿಥಿಗಳು ನಗುತ್ತಾರೆ, ಅವರು ತಟ್ಟೆ ನೋಡಿದ್ದಾರೆ. ತಲುಪಿ ಕೆಡಿಸಿಬಿಟ್ಟಿದೆ ಎಂದರೆ, ನಮಗಾಗಿ ಬಸ್ಸು ಹತ್ತಿ ಹೋಗಿ ಚೀಲ ಹೊತ್ತು ತಂದ ಹೆಂಗಸಿಗೆ ಊರವರ ಎದುರೇ ಅವಮಾನ. ರಜೆಯೆಲ್ಲ ಬರೆದದ್ದು ಕೈಯಲ್ಲೇ ಬೆವರಿನಿಂದ ಮೆತ್ತಗಾಯಿತು. ನಿಜ ಹೇಳುತ್ತೇನೆ, ನನಗೆ ಅಳು ಬರುವಂತಾಯಿತು.

ಕೊನೆಗೆ ಪ್ರಬಂಧ ಮಡಚಿ ಜೇಬಿಗಿಟ್ಟು, ಊಟದ ಕಥೆಯನ್ನೇ ಹೇಳಿಬಿಟ್ಟೆ. ನಾನು ಮೂರು ಸಲ ಹಾಕಿಸಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಜಾಗತೀಕರಣ ಕೋಟೆ ಒಡೆದು ಬರಲಿಲ್ಲ, ಶಾಂತಾಬಾಯಿ ಅದನ್ನು ಚೀಲದಲ್ಲಿ ಕರೆತಂದು, ಸಪ್ಪಗಿದೆ ಎಂದು ಹಿಂಡಿ ಹಾಕಿ ದಾರಿಗೆ ತಂದರು ಎಂದೆ. ಸಭೆಯೆಲ್ಲ ನಕ್ಕಿತು. ಫಿಲಿಪ್ಪೀನ್ಸಿನವರು ಎದ್ದು, ತಮ್ಮ ತಾಯಿಯ ಊರಿನಲ್ಲೂ ಹೊಳೆಯ ಮೀನು ಮನೆಯವರಿಗೆ, ಡಬ್ಬಿಯ ಮಾಂಸ ಅತಿಥಿಗಳಿಗೆ ಎಂದರು. ಥಾಯ್ ಪ್ರೊಫೆಸರು ತಮ್ಮೂರಿನಲ್ಲಿ ಅತಿಥಿಗಳಿಗೆಂದೇ ತರಿಸುವ ಬ್ರೆಡ್ಡಿನ ಕಥೆ ಹೇಳಿದರು. ಎರಡನ್ನೂ ನಾನು ಊರವರಿಗೆ ಕನ್ನಡದಲ್ಲಿ ಹೇಳಿದೆ. ಶಾಂತಾಬಾಯಿ, "ಮತ್ತ ನಮ್ಮಂಗೇ ಅದೀರಲ್ರಿ ನೀವು!" ಎಂದು ಫಿಲಿಪ್ಪೀನ್ಸಿನವರ ಕೈ ಹಿಡಿದುಕೊಂಡರು. ಇಷ್ಟು ಜೀವಂತ ಚರ್ಚೆ ಬೇರೆಲ್ಲೂ ಆಗಲಿಲ್ಲವೆಂದು ನೇಪಾಳದ ಹಿರಿಯರು ಬೆನ್ನು ತಟ್ಟಿದರು. ನನಗೆ ಹಿಡಿಸಲಾರದ ಸಂತೋಷ.

ಮನೆಗೆ ಬಂದು ಎಲ್ಲವನ್ನೂ ಸರೋಜಾಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಪ್ರಬಂಧ ಓದ್ಲಿಲ್ಲ, ಅದಕ್ಕ ಚಲೋ ಆಗ್ಯದ" ಎಂದಳು.

ಕೆಲವು ವಾರಗಳ ನಂತರ ಧನ್ಯವಾದ ಹೇಳಲು ಕೊಹಿನೂರಕ್ಕೆ ಹೋದೆ. ಧನ್ಯವಾದ ನೆಪ. ಬೇಕೆಂದೇ ಊಟದ ಹೊತ್ತಿಗೆ ಸರಿಯಾಗಿ ಹೋಗಿದ್ದೆ. ಶಾಂತಾಬಾಯಿ ಬಿಸಿ ರೊಟ್ಟಿ ತಂದಿಟ್ಟರು. ನಾನು ನಾಚಿಕೆ ಬಿಟ್ಟು, "ಅವತ್ತಿನ ನೂಡಲ್ಸ್ ಪಾಕೀಟ್ ಏನರ ಉಳದಾವೇನ್ರಿ?" ಎಂದು ಕೇಳಿದೆ.

"ಅದಾವರಿ, ಡಬ್ಬಿ ತುಂಬ ಅದಾವ. ಆದ್ರ ಅವು ಹೊರಗಿನ ಮಂದಿಗಿ ಇಟ್ಟೀನಿ" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ನೀವು ಮನಿಯವ್ರು. ನಿಮಗ್ಯಾಕ ಅದು?"

ಇದಕ್ಕಿಂತ ದೊಡ್ಡ ಗೌರವ ನನಗೆ ಈ ಜನ್ಮದಲ್ಲಿ ಸಿಗಲಾರದು. ತಲೆಬಾಗಿಸಿ ರೊಟ್ಟಿ ಮುರಿದೆ. ಇಷ್ಟು ವರ್ಷ ಜಾಗತೀಕರಣ ನಮ್ಮಿಂದ ಏನೇನು ಕಸಿಯಿತೆಂದು ಕಂಡಕಂಡವರಿಗೆ ಹೇಳುತ್ತ ಬಂದಿದ್ದೇನೆ. ಆದರೆ ಕೈಗೆಟುಕುವ ಡಬ್ಬಿಯಲ್ಲಿದ್ದೂ ಬಾಯಿಗೆ ಸಿಗದೆ ಹೋದದ್ದು, ನನಗೆ ತಿಳಿದ ಮಟ್ಟಿಗೆ, ಈ ನೂಡಲ್ಸೊಂದೇ.