ತೊಂಬತ್ತೊಂಬತ್ತನೇ ಮೆಷಿನ್

ಎಲ್ಲಕ್ಕೂ ಕಾರಣ ಒಂದು ಖಾಲಿ ಚೌಕ.

ಬೀಗ, ಚಿಲಕ, ಕೀಲು ತಯಾರಿಸುವ ಆ ಕಾರ್ಖಾನೆಯ ಹಳೇ ಕಂಪ್ಯೂಟರ್ ಸಿಸ್ಟಮ್ಮಿಗೆ ಒಂದು ಹಟವಿತ್ತು. ಯಾವ ಮಾಲು ತಯಾರಾದರೂ ಅದು ಯಾವ ನಂಬರಿನ ಮೆಷಿನ್ನಿಂದ ಬಂತು ಅಂತ ಒಂದು ಪುಟ್ಟ ಚೌಕದಲ್ಲಿ ತುಂಬಲೇಬೇಕು. ಖಾಲಿ ಬಿಟ್ಟರೆ ಮುಂದಕ್ಕೆ ಬಿಡದೆ, ಮುನಿಸಿಕೊಂಡ ಅತ್ತೆಯ ಹಾಗೆ ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಿತ್ತು. ಆದರೆ ಎಲ್ಲ ಮಾಲೂ ಮೆಷಿನ್ನಿಂದಲೇ ಬರುತ್ತದೆಯೇ? ಅರದಲ್ಲಿ ಕೈಯಾರೆ ಉಜ್ಜಿದ್ದು, ಸೊಟ್ಟಗಾದದ್ದನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದ್ದು, ಗಿರಾಕಿ ವಾಪಸು ಕಳಿಸಿದ್ದನ್ನು ಒರೆಸಿ ಮತ್ತೆ ಡಬ್ಬಿಗೆ ತುಂಬಿದ್ದು, ಬೆಂಚಿನ ಕೆಳಗೆ ಸಿಕ್ಕಿದ್ದು, ಇವಕ್ಕೆಲ್ಲ ಯಾವ ನಂಬರು? ಇದ್ದದ್ದು ಇಪ್ಪತ್ತು ಚಿಲ್ಲರೆ ಮೆಷಿನ್ನು. ಯಾವುದಕ್ಕೂ ತಾಗದ ಹಾಗೆ ದೂರದಲ್ಲಿರಲಿ ಅಂತ ಭಾವ ಒಂದು ದಿನ ‘ತೊಂಬತ್ತೊಂಬತ್ತು’ ಅಂತ ಹೊಡೆದ. ಸಿಸ್ಟಮ್ ಹಸಿರಾಯಿತು. ಅಂದಿನಿಂದ ಅಪ್ಪ ಅಮ್ಮ ಗೊತ್ತಿಲ್ಲದ ಮಾಲೆಲ್ಲ ತೊಂಬತ್ತೊಂಬತ್ತರ ಮಕ್ಕಳಾದವು.

ಭಾವ ಅಂದರೆ ಅಲ್ಲಿನ ಸ್ಟೋರ್ಸ್ ಗುಮಾಸ್ತ. ಹೆಂಡತಿಯ ತಮ್ಮ ಅಲ್ಲೇ ಫಿಟ್ಟರ್. ಅವನು ‘ಭಾವ, ಭಾವ’ ಅಂತ ಕರೆದೂ ಕರೆದೂ ಇವನು ಇಡೀ ಕಾರ್ಖಾನೆಗೇ ಭಾವನಾಗಿದ್ದ. ಅಪ್ಪನ ವಯಸ್ಸಿನ ಯಜಮಾನರು ಕೂಡ ‘ಏನ್ರೀ ಭಾವ’ ಅನ್ನುತ್ತಿದ್ದರು.

ಇವತ್ತು ಹಳೇ ಸಿಸ್ಟಮ್ಮಿನ ಡೇಟಾ ಪೂರ್ತಿ ಇಆರ್‌ಪಿ ಅನ್ನುವ ಹೊಸ ಕಂಪ್ಯೂಟರ್ ಸಿಸ್ಟಮ್ಮಿಗೆ ಸಾಗುವ ದಿನ. ಮದುವೆಯಾದಾಗಿನಿಂದ ಭಾವ ಹೆಂಡತಿಗೆ ಸಮುದ್ರ ತೋರಿಸುತ್ತೇನೆ ಅನ್ನುತ್ತಲೇ ಇದ್ದ. ಪ್ರತಿ ಸಲವೂ ರಜೆ ಕೇಳಿದಾಗಲೇ ಸ್ಟಾಕ್ ಎಣಿಸುವ ಕೆಲಸ ಬಂದು ಅಡ್ಡ ಬೀಳುತ್ತಿತ್ತು. ಈ ಸಲ ಯಜಮಾನರೇ ಮಾತು ಕೊಟ್ಟಿದ್ದರು: “ಒಂದು ಮೊಳೇನೂ ಕಳೆದುಹೋಗದ ಹಾಗೆ ಡೇಟಾ ದಾಟಿಸಿ ಭಾವ. ಮಧ್ಯಾಹ್ನದ ಬಸ್ಸಿಗೇ ಹೋಗಿ, ಒಂದು ವಾರ ರಜೆ.” ಹೆಂಡತಿ ಬೆಳಿಗ್ಗೆಯೇ ಬ್ಯಾಗು ಕಟ್ಟಿ, ಮನೆಯ ಬಾಗಿಲ ಹತ್ತಿರ ಇಟ್ಟು, ಅದರ ಮೇಲೇ ಕೂತಿದ್ದಳು.

ಹೊಸ ಸಿಸ್ಟಮ್ಮಿನ ಕಂಪನಿಯಿಂದ ಬಂದಿದ್ದ ಹುಡುಗಿಯನ್ನು ಎಲ್ಲರೂ ಸಿಸ್ಟಮ್ ಮೇಡಂ ಅನ್ನುತ್ತಿದ್ದರು. ಅವಳು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನಹುಳುವಿನ ಹಾಗೆ ತೆವಳತೊಡಗಿತು. ಅದರ ಕೆಳಗೆ ಸಾಲು ಸಾಲಾಗಿ ಬೀಗಗಳು, ಕೀಲುಗಳು, ಸ್ಪ್ರಿಂಗುಗಳು ಇರುವೆಗಳಂತೆ ಓಡಿದವು. ಭಾವ ಬಾಯಿ ತೆರೆದುಕೊಂಡು ನೋಡಿದ. ಎಲ್ಲವೂ ತಾನೇ ಒಂದೊಂದಾಗಿ ಟೈಪ್ ಮಾಡಿದ್ದು! ಯಾವ್ಯಾವುದೋ ಊರಿನ ಯಾರ್‍ಯಾರದೋ ಬಾಗಿಲು ಕಾಯುತ್ತಿರುವ ಬೀಗಗಳೆಲ್ಲ ತನ್ನ ಎರಡು ತೋರುಬೆರಳುಗಳ ಕೆಳಗೆ ಹಾದುಹೋಗಿದ್ದವು. ಅವನು ಬೆರಳುಗಳನ್ನು ಎತ್ತಿ, ಬೇರೆ ಯಾರದೋ ಬೆರಳು ನೋಡುವ ಹಾಗೆ ನೋಡಿಕೊಂಡ.

“ಭಾವ, ಅಳ್ತಿದೀರಾ?” ಅಂದ ಭಾಮೈದ.

“ಇಲ್ಲ ಕಣೋ, ಫ್ಯಾನ್ ಗಾಳಿ.”

ಪಟ್ಟಿ ತುಂಬಿತು. ಪರದೆಯ ಮೇಲೆ ಇಡೀ ಕಾರ್ಖಾನೆ ಬಣ್ಣಬಣ್ಣದಲ್ಲಿ ಅರಳಿತು. ಯಾವ ಮೆಷಿನ್ ಎಷ್ಟು ದುಡಿಯಿತು, ಎಷ್ಟು ಸಲ ಕೆಟ್ಟಿತು, ಎಷ್ಟು ಕರೆಂಟು ನುಂಗಿತು, ಎಲ್ಲವೂ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಮೇಡಂ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ನಿಮ್ಮ ತೊಂಬತ್ತೊಂಬತ್ತನೇ ಮೆಷಿನ್ ಯಾವುದು? ನಾನು ಇಂಥದ್ದನ್ನ ಎಲ್ಲೂ ನೋಡಿಲ್ಲ. ಬೀಗಾನೂ ಮಾಡುತ್ತೆ, ಸ್ಪ್ರಿಂಗೂ ಮಾಡುತ್ತೆ, ಕೀಲೂ ಮಾಡುತ್ತೆ. ಒಂದು ದಿನಾನೂ ಕೆಟ್ಟಿಲ್ಲ. ಎಣ್ಣೆ ಬೇಡ, ಕರೆಂಟೂ ಬೇಡ!”

ಭಾವ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಮೇಡಂ, ಅದು ಏನಂದ್ರೆ…” ಅನ್ನುವಷ್ಟರಲ್ಲಿ ಅವಳು ಯಜಮಾನರನ್ನು ಕರೆದಾಗಿತ್ತು.

ಯಜಮಾನರು ಪರದೆಗೆ ಮೂಗು ತಾಗಿಸಿ ನೋಡಿದರು. “ಇದು ನನ್ನ ಕಾರ್ಖಾನೇಲೇ ಇದೆಯಾ?” ಅಂದರು, ಪಿಸುಮಾತಿನಲ್ಲಿ. ಆಮೇಲೆ ಫೋರ್‌ಮನ್ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತೇನ್ರೀ?”

ಗೊತ್ತಿಲ್ಲ ಅನ್ನುವ ಪದವನ್ನು ಫೋರ್‌ಮನ್ ಹುಟ್ಟಿದಾಗಿನಿಂದ ಬಳಸಿರಲಿಲ್ಲ. “ಗೊತ್ತಿಲ್ದೆ ಏನ್ ಸಾರ್! ನಾನೇ ಕೂರಿಸಿದ್ದು. ಹಿಂದಿನ ಶೆಡ್ಡಲ್ಲಿದೆ.”

ಭಾವ ಅವನಿಗೆ ಬೇಡ ಬೇಡ ಅಂತ ಕಣ್ಸನ್ನೆ ಮಾಡಿದ.

“ಬಂಗಾರದಂಥ ಮೆಷಿನ್ ಸಾರ್,” ಅಂದಳು ಪ್ಯಾಕಿಂಗ್ ಅಕ್ಕ. ಫೋರ್‌ಮನ್ನಿಗೆ ಗೊತ್ತಿದ್ದದ್ದು ತನಗೆ ಗೊತ್ತಿಲ್ಲ ಅಂದರೆ ಅವಳ ಮಾನ ಏನಾಗಬೇಕು? “ಒಂದ್ಸಲ ನನ್ನ ಬೆರಳು ಸಿಕ್ಕಾಕ್ಕೊಂಡಿತ್ತು. ಅದಾಗದೇ ನಿಂತುಬಿಡ್ತು. ಅಷ್ಟು ಕರುಣೆ ಅದಕ್ಕೆ!”

“ಸದ್ದೇ ಇಲ್ಲ ಸಾರ್ ಅದರದು,” ಅಂದರು ಆ ಶೆಡ್ಡಿನ ಕಡೆ ಕಾಲೇ ಇಡದ ಅಕೌಂಟೆಂಟು.

“ನಡೀರಿ, ನೋಡೋಣ,” ಅಂದರು ಯಜಮಾನರು.

ಅಷ್ಟರಲ್ಲಿ ಭಾವನ ಜೇಬಿನಲ್ಲಿ ಫೋನು ಒದ್ದಾಡಿತು. ಹೆಂಡತಿ. “ರೀ, ಸಮುದ್ರದ ನೀರು ನಿಜವಾಗ್ಲೂ ಉಪ್ಪಾ? ಒಂದು ಬಾಟ್ಲಿ ತರೋಣ, ಪಕ್ಕದ್ಮನೆಯವ್ರು ನಂಬಲ್ಲ.” ಭಾವ ಬಾಯಲ್ಲಿದ್ದ ಸತ್ಯವನ್ನು ನುಂಗಿಕೊಂಡ. ಈಗ ಬಾಯಿ ಬಿಟ್ಟರೆ ಡೇಟಾ ತಪ್ಪು. ಡೇಟಾ ತಪ್ಪಾದರೆ ರಜೆ ಇಲ್ಲ. ರಜೆ ಇಲ್ಲದಿದ್ದರೆ ಮನೆಗೆ ಹೋಗುವ ಹಾಗೇ ಇಲ್ಲ. ಅವನು ಭಾಮೈದನ ಕಿವಿಯಲ್ಲಿ ಎರಡು ಮಾತು ಊದಿದ. ಭಾಮೈದ ಹಿಂಬಾಗಿಲಿನಿಂದ ಬಾಣದಂತೆ ಓಡಿದ.

ಮೆರವಣಿಗೆ ಶೆಡ್ಡು ತಲುಪುವ ಹೊತ್ತಿಗೆ ಮೂಲೆಯಲ್ಲಿ ಏನೋ ಒಂದು ಟಾರ್ಪಾಲು ಹೊದ್ದು ನಿಂತಿತ್ತು. ಪಕ್ಕದಲ್ಲಿ ಏದುಸಿರು ಬಿಡುತ್ತ ಭಾಮೈದ.

“ಇದೇನಾ?” ಯಜಮಾನರು ಚಪ್ಪಲಿ ಬಿಟ್ಟು ಹತ್ತಿರ ಬಂದರು.

“ಇದೇ ಸಾರ್. ತೆಗೀಲಾ?” ಅಂದ ಭಾಮೈದ. ಭಾವ ಅವನ ಕಾಲು ತುಳಿದ.

“ಬೇಡ, ಬೇಡ! ದೃಷ್ಟಿ ಆದೀತು.” ಯಜಮಾನರು ಟಾರ್ಪಾಲನ್ನು ಮಲಗಿದ ಮಗುವಿನ ತಲೆಯಂತೆ ಸವರಿದರು. “ಏನ್ ಶಾಂತವಾಗಿದೆ ನೋಡ್ರಿ! ನಾವೆಲ್ಲ ಮೂರು ಬೀಗ ಮಾಡಿ ಮೂವತ್ತು ಸಲ ಹೇಳ್ಕೋತೀವಿ.”

ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಆ ಮೌನ ಎಷ್ಟು ಗಾಢವಾಗಿತ್ತೆಂದರೆ, ಟಾರ್ಪಾಲಿನೊಳಗೆ ಏನೋ ಮೆಲ್ಲಗೆ ಗುಂಯ್‌ಗುಟ್ಟಿದಂತೆ ಒಂದು ಕ್ಷಣ ಭಾವನಿಗೇ ಕೇಳಿಸಿತು.

ಆಫೀಸಿಗೆ ಮರಳಿದ್ದೇ ಯಜಮಾನರು ಅವನ ಬೆನ್ನು ತಟ್ಟಿದರು. “ಒಂದು ಮೊಳೇನೂ ಕಳೆದಿಲ್ಲ ಭಾವ! ಹೋಗಿ ಬನ್ನಿ.” ಭಾವ ಊಟದ ಡಬ್ಬಿಯ ಬ್ಯಾಗು ಹೆಗಲಿಗೇರಿಸಿ, ಬಾಗಿಲು ದಾಟಲು ಒಂದು ಕಾಲು ಎತ್ತಿದ.

ಟಿಂಗ್, ಅಂದಿತು ಹೊಸ ಸಿಸ್ಟಮ್.

“ಒಂದ್ನಿಮಿಷ,” ಅಂದಳು ಮೇಡಂ. “ತೊಂಬತ್ತೊಂಬತ್ತಕ್ಕೆ ಇಲ್ಲಿವರೆಗೆ ಒಂದು ಸಲಾನೂ ಬಿಡುವೇ ಕೊಟ್ಟಿಲ್ವಂತೆ. ಹೊಸ ಸಿಸ್ಟಮ್ ಅದನ್ನ ಒಪ್ಪಲ್ಲ. ಒಂದು ವಾರ ನಿಲ್ಲಿಸಿ ಅಂತಿದೆ. ಅದನ್ನ ನೋಡ್ಕೊಳ್ಳೋರು ಆ ವಾರ ಪೂರ್ತಿ ಪಕ್ಕದಲ್ಲೇ ಇರಬೇಕು.”

“ನ್ಯಾಯವಾದ ಮಾತು,” ಅಂದರು ಯಜಮಾನರು. “ಅದನ್ನ ನೋಡ್ಕೊಳ್ಳೋರು ಯಾರು?”

“ಮೊದಲ ದಿನದಿಂದ ಅದರ ಲೆಕ್ಕ ತುಂಬಿರೋದು ಒಬ್ಬರೇ. ಹಾಗಾಗಿ ಸಿಸ್ಟಮ್ ಅವರ ಹೆಸರೇ ಹಾಕ್ಕೊಂಡಿದೆ. ಅವರ ರಜೇನೂ ರದ್ದು ಮಾಡಿದೆ.” ಮೇಡಂ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಎಲ್ಲರೂ ನೋಡಿದರು. ಭಾವನ ಎತ್ತಿದ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

“ಸಾರ್!” ಭಾವ ಕಿರುಚಿದ. “ಅಂಥ ಮೆಷಿನ್ನೇ ಇಲ್ಲ ಸಾರ್! ಚೌಕ ಖಾಲಿ ಬಿಡೋಕಾಗದೆ ನಾನೇ ನಂಬರ್ ಹಾಕಿದ್ದು!”

ಇಡೀ ಆಫೀಸು ಗೊಳ್ಳೆಂದು ನಕ್ಕಿತು.

“ರಜೆ ಬೇಕೂಂದ್ರೆ ಮನುಷ್ಯ ಏನ್ ಬೇಕಾದ್ರೂ ಹೇಳ್ತಾನೆ ನೋಡಿ!” ಅಂದ ಫೋರ್‌ಮನ್.

“ಅನ್ನ ಕೊಟ್ಟ ಮೆಷಿನ್ನನ್ನೇ ಇಲ್ಲ ಅಂತೀರಲ್ಲ ಭಾವ, ನಾಲಿಗೆ ಹೇಗೆ ಬಂತು?” ಪ್ಯಾಕಿಂಗ್ ಅಕ್ಕ ನಿಜವಾಗಿಯೂ ಕಣ್ಣೊರೆಸಿಕೊಂಡಳು.

ಭಾವ ಯಜಮಾನರ ಕೈ ಹಿಡಿದು ದರದರ ಎಳೆದುಕೊಂಡು ಶೆಡ್ಡಿಗೆ ಓಡಿದ. ಹಿಂದೆ ಎಲ್ಲರೂ. ಟಾರ್ಪಾಲನ್ನು ಒಂದೇ ಏಟಿಗೆ ಕಿತ್ತೆಸೆದ. ಅಲ್ಲಿದ್ದದ್ದು ಎಂದೋ ಮೋಟಾರು ಕಿತ್ತುಕೊಂಡು ಮೂಲೆಗೆ ತಳ್ಳಿದ್ದ ತುಕ್ಕು ಹಿಡಿದ ಗ್ರೈಂಡಿಂಗ್ ಮೆಷಿನ್. ಚಕ್ರ ಸೀಳಿಹೋಗಿತ್ತು. ಹೊಟ್ಟೆಯಲ್ಲಿ ಜೇಡ ಸಂಸಾರ ಹೂಡಿತ್ತು.

“ನೋಡಿ ಸಾರ್! ಕಣ್ಣಾರೆ ನೋಡಿ! ಇದರಲ್ಲಿ ಮೋಟಾರೇ ಇಲ್ಲ!”

ಯಜಮಾನರು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿದರು. ಅವರ ಕಣ್ಣು ತುಂಬಿ ಬಂತು.

“ಮೋಟಾರೇ ಇಲ್ಲ,” ಅಂದರು. “ಅದಕ್ಕೇ ಕರೆಂಟು ತಿಂದಿಲ್ಲ. ಮೈ ಹೀಗೆ ಸವೆದುಹೋಗಿದ್ರೂ ಒಂದು ದಿನ ತಪ್ಪಿಸಿಲ್ವಲ್ರೀ! ಭಾವ, ಇದರ ಮುಂದೆ ನಿಂತು ರಜೆ ಕೇಳೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಟಿಕೆಟ್ ಹಾಳಾಗಬಾರದು ಅಂತ ಆ ಮಧ್ಯಾಹ್ನ ತನ್ನ ಸ್ವಂತ ಅಕ್ಕನ ಜೊತೆ ಬಸ್ಸು ಹತ್ತಿದವನು ಭಾಮೈದ. ಅವನ ರಜೆಗೆ ಹೊಸ ಸಿಸ್ಟಮ್ ಕಣ್ಣು ಮುಚ್ಚಿ ಹಸಿರು ತೋರಿಸಿತು.

ಮರುದಿನ ಹೊತ್ತು ಮುಳುಗುವಾಗ ಭಾವ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಹೊಸ ಟಾರ್ಪಾಲು ಹೊದ್ದ ತೊಂಬತ್ತೊಂಬತ್ತು. ಫೋನು ಬಂತು. ಆಚೆಯಿಂದ ಭೋರೆನ್ನುವ ಸದ್ದು.

“ರೀ! ಎಷ್ಟು ದೊಡ್ಡದು ಗೊತ್ತಾ? ಕೊನೇನೇ ಇಲ್ಲ! ಇಷ್ಟು ನೀರು ಯಾರು ತಂದು ಸುರಿದ್ರೋ! ಮಾತೇ ಬರ್ತಿಲ್ಲ ನಂಗೆ. ಕೇಳಿಸ್ತಿದೆಯಾ?”

“ಕೇಳಿಸ್ತಿದೆ ಕಣೇ,” ಅಂದ ಭಾವ, ಫೋನನ್ನು ಕಿವಿಗೆ ಒತ್ತಿಕೊಂಡು. “ಇನ್ನೂ ಸ್ವಲ್ಪ ಹತ್ತಿರ ಹಿಡಿ. ಜೋರಾಗಿ ಕೇಳ್ಲಿ!”

ಶೆಡ್ಡಿನ ಬಾಗಿಲಲ್ಲಿ ಫೋರ್‌ಮನ್ನಿನ ತಲೆ ಇಣುಕಿತು. ತುಟಿಯ ಮೇಲೆ ಬೆರಳಿತ್ತು.

“ಶ್! ಮೆಲ್ಲಗೆ ಮಾತಾಡಿ ಭಾವ. ಪಾಪ, ಈಗಷ್ಟೇ ಕಣ್ಣು ಮುಚ್ಚಿದೆ.”